ವಾಲಿ ಪಕ್ಷ, ಸುಗ್ರೀವ ಪಕ್ಷ: ಕೂದಲಿನ ಹೆಸರುಗಳ ಸುತ್ತ ಒಂದು ಮಾತು

(ಗಂಗಾವತಿಯ ಓದುಗರ ಬಳಗವೊಂದರ ತಿಂಗಳ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ನಡುನಡುವೆ ಸಭಿಕರು ಸೇರಿಸಿದ್ದನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕೂದಲ ಬಗ್ಗೆ ಮಾತಾಡೋಕೆ ಈ ತಲೆಯವನೇ ಬೇಕಿತ್ತಾ ಅಂತ ಮುಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ನ್ಯಾಯವಾದ ಪ್ರಶ್ನೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ನನಗೆ ಎಂಟು ವರ್ಷ ಇದ್ದಾಗ ಅಜ್ಜಿಯ ಜೊತೆ ನಾಗಪುರಕ್ಕೆ ಹೋಗಿದ್ದೆ. ದೊಡ್ಡಪ್ಪ ಅಲ್ಲಿ ನೌಕರಿಯಲ್ಲಿದ್ದರು. ಪಕ್ಕದ ಮನೆಯ ಹೆಂಗಸು ಒಂದು ದಿನ ನನ್ನ ತಲೆ ಸವರಿ, ಕಣ್ಣಿಗೆ ಬೀಳುತ್ತಿದ್ದ ಕೂದಲು ಎತ್ತಿ ಹಿಡಿದು, 'ಇಸ್ಕೇ ಬಾಲ್ ಕಟವಾ ದೋ' ಅಂದಳು. ಅಜ್ಜಿಗೆ ಹಿಂದಿ ಬಾರದು. ಆದರೆ 'ಬಾಲ', 'ಕಟ್' ಎರಡೂ ಗೊತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದೇ ಬಿಟ್ಟಳು: "ಬಾಲ ಕತ್ತರಸಾಕ ನಮ್ಮ ಹುಡುಗ ಏನ ಮಂಗ್ಯಾ ಆಗ್ಯಾನೇನ?" ದೊಡ್ಡಮ್ಮ ನಡುವೆ ಬಂದು ಬಿಡಿಸುವಷ್ಟರಲ್ಲಿ ಸಾಕುಸಾಕಾಯಿತು. ನಮ್ಮ ಕಡೆ ಯಾರದಾದರೂ ಬಾಲ ಕತ್ತರಿಸುವುದೆಂದರೆ ಸೊಕ್ಕು ಇಳಿಸುವುದು ಎಂದರ್ಥ. ಅಜ್ಜಿಗೆ ಕೋಪ ಬಂದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ನಿಘಂಟು ನೋಡುವ ಚಟ ಹತ್ತಿದಾಗ ತಿಳಿಯಿತು, ಆ ಜಗಳದಲ್ಲಿ ಇಬ್ಬರೂ ಸರಿಯೇ ಇದ್ದರು. ಸಂಸ್ಕೃತದಲ್ಲಿ 'ವಾಲ' ಎಂದರೆ ಕೂದಲು, ಅದರಲ್ಲೂ ಪ್ರಾಣಿಯ ಬಾಲದ ಉದ್ದ ಕೂದಲು. ಕುದುರೆಯ ಬಾಲ ನೆನಪಿಗೆ ತಂದುಕೊಳ್ಳಿ: ಕೂದಲು ಎಲ್ಲಿ ಮುಗಿಯಿತು, ಬಾಲ ಎಲ್ಲಿ ಶುರುವಾಯಿತು ಹೇಳಲು ಬರುವುದಿಲ್ಲ. ಆ ಪದ ಉತ್ತರದಲ್ಲಿ 'ಬಾಲ್' ಆಗಿ ಕೂದಲನ್ನು ಇಟ್ಟುಕೊಂಡಿತು. ಕನ್ನಡಕ್ಕೆ ಬಂದು 'ಬಾಲ' ಆಗಿ, ಕೂದಲನ್ನು ಬಿಟ್ಟು ಬಾಲವನ್ನು ಇಟ್ಟುಕೊಂಡಿತು. ದೂರದ ಲಿಥುವೇನಿಯಾದ ಭಾಷೆಯಲ್ಲಿ ಇದೇ ವಂಶದ 'ವಾಲಸ್' ಇವತ್ತಿಗೂ ಕುದುರೆಬಾಲದ ಕೂದಲೇ.

ಈ ಮಾತನ್ನು ಗಂಗಾವತಿಯಲ್ಲೇ ಆಡಬೇಕು ಅಂತ ನನಗೆ ಆಸೆ ಇದ್ದದ್ದಕ್ಕೆ ಕಾರಣ ಇದೆ. ಇಲ್ಲಿಂದ ಹೊರಟರೆ ಆನೆಗೊಂದಿ, ಅಂದರೆ ಕಿಷ್ಕಿಂಧೆ. ರಾಮಾಯಣದ ಉತ್ತರಕಾಂಡಕ್ಕೆ ಸೇರಿಕೊಂಡ ಒಂದು ಕಥೆ ಹೀಗಿದೆ. ಋಕ್ಷರಜಸ್ಸು ಎಂಬ ಕಪಿ ಒಂದು ಸರೋವರಕ್ಕೆ ಧುಮುಕಿ ಏಳುವಷ್ಟರಲ್ಲಿ ಸುಂದರಿಯಾದ ಹೆಣ್ಣಾಗಿಬಿಟ್ಟಿದ್ದ. ಇಂದ್ರ ನೋಡಿ ಮರುಳಾದ. ಅವನ ವೀರ್ಯ ಆಕೆಯ ವಾಲದ, ಅಂದರೆ ಕೂದಲಿನ, ಮೇಲೆ ಬಿತ್ತು. ಹುಟ್ಟಿದವನು ವಾಲಿ. ಆಮೇಲೆ ಸೂರ್ಯ ಬಂದ. ಅವನದು ಗ್ರೀವದ ಮೇಲೆ, ಅಂದರೆ ಕತ್ತಿನ ಮೇಲೆ. ಹುಟ್ಟಿದವನು ಸುಗ್ರೀವ. ಅಣ್ಣ ಕೂದಲು, ತಮ್ಮ ಕತ್ತು. ಇದು ಪುರಾಣದವರು ಹೆಸರಿನಿಂದ ಕಥೆ ಹೆಣೆದದ್ದು, ಭಾಷಾಶಾಸ್ತ್ರವಲ್ಲ. ಆದರೆ ಹೆಣೆದವನು ಯಾರೋ ಬಹಳ ಚುರುಕಾದವನು. ಇನ್ನು ಹನುಮನ ತಂದೆಯ ಹೆಸರು ನಿಮಗೆ ಗೊತ್ತೇ ಇದೆ, ಕೇಸರಿ. 'ಕೇಸರ' ಎಂದರೆ ಕುದುರೆ, ಸಿಂಹಗಳ ಕತ್ತಿನ ಮೇಲಿನ ಕೂದಲು, ಅದುಳ್ಳವನು ಕೇಸರಿ. ಹೊಳೆಯ ಈಚೆ ವಾಲಿಯ ಗವಿ, ಆಚೆ ಹಂಪಿಯ ದಡದಲ್ಲಿ ಸುಗ್ರೀವನ ಗುಹೆ, 575 ಮೆಟ್ಟಿಲು ಹತ್ತಿದರೆ ಅಂಜನಾದ್ರಿಯಲ್ಲಿ ಕೇಸರಿಯ ಮಗ. ಕೂದಲು, ಕತ್ತು, ಕತ್ತಿನ ಕೂದಲು: ಮೂವರೂ ಒಂದೇ ಊರಿನವರು.

ನಾನು ಇವತ್ತು ಹೇಳಬೇಕೆಂದಿರುವುದೂ ಇಷ್ಟೇ. ಕುದುರೆಗೋ ಸಿಂಹಕ್ಕೋ ಕತ್ತಿನ ಮೇಲೆ ಸೊಂಪಾಗಿ ಬೆಳೆಯುತ್ತದಲ್ಲ, ಅದಕ್ಕೆ ಹೆಸರಿಡುವಾಗ ಜಗತ್ತಿನ ಭಾಷೆಗಳು ಎರಡು ಪಂಗಡ ಆಗಿವೆ. ಕೆಲವು ಅದನ್ನು ಕೂದಲು ಎಂದು ನೋಡಿದವು. ಅವು ವಾಲಿಯ ಪಕ್ಷ. ಕೆಲವು ಕತ್ತು ಎಂದು ನೋಡಿದವು. ಅವು ಸುಗ್ರೀವನ ಪಕ್ಷ.

ಸುಗ್ರೀವನ ಪಕ್ಷ ದೊಡ್ಡದು. ರಷ್ಯನ್ ಭಾಷೆಯಲ್ಲಿ ಕುದುರೆಯ ಕೇಸರಕ್ಕೆ 'ಗ್ರೀವಾ' ಎನ್ನುತ್ತಾರೆ. ಹೌದು, ನಮ್ಮ ಗ್ರೀವಾ. ಒಂದೇ ಮೂಲದ ಪದ, ಅಲ್ಲಿ ಕತ್ತಿನಿಂದ ಅದರ ಮೇಲಿನ ಕೂದಲಿಗೆ ಜಾರಿತು. ಅದೇ ಕುಟುಂಬದ 'ಗ್ರಿವ್ನಾ' ಮೊದಲು ಕತ್ತಿಗೆ ಹಾಕುವ ಬಳೆಯಂಥ ಆಭರಣ. ಆಮೇಲೆ ಹಳೆಯ ಕೀವ್ ರಾಜ್ಯದಲ್ಲಿ ತೂಕಕ್ಕೆ ಕೊಡುವ ಬೆಳ್ಳಿಯ ಗಟ್ಟಿ. ಆಮೇಲೆ ಹಣ. ಯುಕ್ರೇನಿನಲ್ಲಿ 1996ರಲ್ಲಿ ಚಲಾವಣೆಗೆ ಬಂದ ನಾಣ್ಯದ ಹೆಸರು 'ಹ್ರಿವ್ನಿಯಾ'. ಅಲ್ಲಿಯವರು ಇವತ್ತು ಬ್ರೆಡ್ಡು ಕೊಳ್ಳುವ ನೋಟಿಗೂ ನಮ್ಮ ಸುಗ್ರೀವನಿಗೂ ನೆಂಟಸ್ತನ! ದಶಗ್ರೀವನಿಗೂ ಅಷ್ಟೇ, ನಾವು ರಾವಣನನ್ನು ಹತ್ತು ತಲೆಯವನು ಅನ್ನುತ್ತೇವೆ, ಸಂಸ್ಕೃತ ಹತ್ತು ಕತ್ತು ಎಣಿಸಿತು. ಹಯಗ್ರೀವ ಅನ್ನುವುದರಲ್ಲೂ ಇರುವುದು ಕುದುರೆಯ ಕತ್ತೇ, ಮೂರ್ತಿ ಮಾಡುವವರು ಮಾತ್ರ ಮುಖವನ್ನೇ ಕುದುರೆಯದು ಮಾಡಿದರು. ಸೋದೆಯ ವಾದಿರಾಜರ ಹೆಸರಿನ ಜೊತೆ ಬರುವ ಹಯಗ್ರೀವ ಮಡ್ಡಿ, ಅದೇ ಕಡಲೆಬೇಳೆ, ಬೆಲ್ಲ, ಕೊಬ್ಬರಿ, ಗಸಗಸೆಯದು, ಅದನ್ನು ತಿನ್ನುವಾಗ ಯುಕ್ರೇನಿನ ನೋಟು ನೆನಪಾಗದಿದ್ದರೂ ನಡೆಯುತ್ತದೆ.

ಇಂಗ್ಲಿಷಿನವರು ಕೇಸರಕ್ಕೆ ಅನ್ನುವ 'ಮೇನ್' ಕೂಡ ಸುಗ್ರೀವನ ಪಕ್ಷವೇ. ಹಳೆಯ ಇಂಗ್ಲಿಷಿನಲ್ಲಿ 'ಮನು'. ಹಳೆಯ ಐರಿಷಿನಲ್ಲಿ 'ಮುಯಿನ್' ಎಂದರೆ ಕತ್ತು, 'ಮುಯಿಂಗ್' ಎಂದರೆ ಕೇಸರ. ಲ್ಯಾಟಿನ್ನಿನ 'ಮೋನಿಲೆ' ಕತ್ತಿನ ಸರ. ಇದೇ ಬೇರಿನ ಸಂಸ್ಕೃತ ಪದ 'ಮನ್ಯಾ', ಕತ್ತಿನ ಹಿಂಭಾಗ. ಎಲ್ಲೋ ಕೇಳಿದ ಹಾಗಿದೆಯೇ? ಕತ್ತು ಹಿಡಿದುಕೊಂಡಾಗ ಆಯುರ್ವೇದದ ವೈದ್ಯರು ಚೀಟಿಯಲ್ಲಿ 'ಮನ್ಯಾಸ್ತಂಭ' ಅಂತ ಬರೆಯುತ್ತಾರಲ್ಲ, ಅದೇ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ನಮಗೆ ಬರುವ ಕತ್ತುನೋವಿನಲ್ಲೂ ಇಂಗ್ಲಿಷ್ ಕುದುರೆಯ ಕೇಸರದಲ್ಲೂ ಒಂದೇ ಕತ್ತು.

ಇವೆಲ್ಲ ಒಂದೇ ವಂಶದ ಭಾಷೆಗಳು, ಹೋಲಿಕೆ ಇರುವುದು ಸಹಜ ಎನ್ನಬಹುದು. ಹಾಗಾದರೆ ತಮಿಳಿಗೆ ಬನ್ನಿ. ತಮಿಳಿನಲ್ಲಿ ಸಿಂಹದ ಕೇಸರಕ್ಕೆ 'ಪಿಡರಿ ಮಯಿರ್'. ಪಿಡರಿ ಎಂದರೆ ಹಿಂಗತ್ತು. ಯಾರೂ ಯಾರಿಂದಲೂ ಸಾಲ ತಂದಿಲ್ಲ, ಆದರೂ ಕಣ್ಣು ಬಿದ್ದದ್ದು ಅದೇ ಜಾಗಕ್ಕೆ.

ಹೀಬ್ರೂವಿನದು ಇನ್ನೂ ಸ್ವಾರಸ್ಯ. ಬೈಬಲ್ಲಿನ ಯೋಬನ ಗ್ರಂಥದ 39ನೇ ಅಧ್ಯಾಯದಲ್ಲಿ ದೇವರು ಯೋಬನನ್ನು ಕುದುರೆಯ ಬಗ್ಗೆ ಕೇಳುತ್ತಾನೆ: ಅದರ ಕತ್ತಿಗೆ 'ರಾಮಾ' ತೊಡಿಸಿದವನು ನೀನೋ? ಈ 'ರಾಮಾ'ಕ್ಕೂ ಗುಡುಗು ಎಂಬರ್ಥದ 'ರಾಮ್'ಗೂ ಬೇರಿನ ಅಕ್ಷರಗಳು ಒಂದೇ. 1611ರ ಇಂಗ್ಲಿಷ್ ಅನುವಾದಕರು 'ಕತ್ತಿಗೆ ಗುಡುಗು ತೊಡಿಸಿದೆಯಾ' ಎಂದೇ ಬರೆದರು. ಈಚಿನ ಅನುವಾದಗಳು ತಿದ್ದಿಕೊಂಡು ಕೇಸರ ಎನ್ನುತ್ತವೆ. ಇಂದಿನ ಹೀಬ್ರೂವಿನಲ್ಲೂ ಅದು ಕೇಸರವೇ. ತಿದ್ದಿದ್ದು ಸರಿ. ಆದರೆ ನಾಗಾಲೋಟದಲ್ಲಿ ಬರುವ ಕುದುರೆಯನ್ನು ಹತ್ತಿರದಿಂದ ನೋಡಿದವನು ಆ ಗುಡುಗನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ವಾಲಿಯ ಪಕ್ಷದಲ್ಲಿ ಜಪಾನಿಯರಿದ್ದಾರೆ: 'ತತೆಗಮಿ', ಅಂದರೆ ನಿಂತ ಕೂದಲು. ಫ್ರೆಂಚರ 'ಕ್ರಿನಿಯೇರ್' ಲ್ಯಾಟಿನ್ನಿನ ಕೂದಲಿನಿಂದ ಬಂದದ್ದು. ಫ್ರೆಂಚ್ ಕಲಿಯುವವರಿಗೆ ಅಲ್ಲೊಂದು ಬಲೆಯೂ ಇದೆ. ತಲೆಗೂದಲಿಗೂ ಕುದುರೆಗಳಿಗೂ ಅವರ ಪದಗಳು ಕಿವಿಗೆ ಹೆಚ್ಚುಕಡಿಮೆ 'ಶವೋ' ಎಂದೇ ಕೇಳುತ್ತವೆ, ಕೊನೆಯ ಸ್ವರದಲ್ಲಿ ಮಾತ್ರ ತುಟಿಯ ಆಟ. ತಪ್ಪಿದರೆ 'ನನ್ನ ಕುದುರೆಗಳು ಉದುರುತ್ತಿವೆ' ಅಂದಹಾಗಾಗುತ್ತದೆ.

ನಮ್ಮದು ಯಾವ ಪಕ್ಷ? ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಕನ್ನಡದಲ್ಲಿ ಇದಕ್ಕೆ ಪುಸ್ತಕದ ಹೆಸರು ಒಂದು, ಬೀದಿಯ ಹೆಸರು ಇನ್ನೊಂದು. ಪುಸ್ತಕದಲ್ಲಿ ಕೇಸರ. ಸಂಸ್ಕೃತದ ಇನ್ನೊಂದು ಪದ 'ಸಟಾ' ಇದೆ. ಮಲಯಾಳಿಗಳು ಅದನ್ನು ಚೆನ್ನಾಗಿ ಬಳಸುತ್ತಾರೆ. ಸೋತು ಮಲಗಿದವನು ಮತ್ತೆ ಎದ್ದರೆ 'ಸಟ ಕೊಡವಿ ಎದ್ದ' ಎನ್ನುತ್ತಾರೆ. ಕನ್ನಡದಲ್ಲಿ ಅದು ಬೇರು ಬಿಡಲಿಲ್ಲ. ನನ್ನ ಊಹೆ ಇಷ್ಟು: ನಮ್ಮಲ್ಲಿ 'ಸಟೆ' ಎಂದರೆ ಸುಳ್ಳು, ದಿಟ-ಸಟೆ ಅನ್ನುವುದಿಲ್ಲವೇ. 'ಸಿಂಹದ ಸಟೆ' ಅಂದರೆ ಸಿಂಹ ಏನು ಸುಳ್ಳು ಹೇಳಿತು ಎಂದು ಕೇಳುತ್ತೇವೆ. ತೆಲುಗಿನಲ್ಲಿ ಸಿಂಹದ ಕೇಸರ 'ಜೂಲು'. ನಮ್ಮಲ್ಲಿ ಆ ಪದ ಜೂಲುನಾಯಿಗೆ ಬಂದು ನಿಂತಿತು.

ಬೀದಿಯ ಹೆಸರನ್ನು ನಾನು ಕಲಿತದ್ದು ಹೊಸಪೇಟೆ ಸ್ಟೇಷನ್ನಿನ ಹೊರಗೆ, ಟಾಂಗಾದಲ್ಲಿ. ಮುಂದೆ ಕೂರಿಸಿಕೊಳ್ಳುತ್ತಿದ್ದ ಚಾಚಾ ಕುದುರೆ ನೀರು ಕುಡಿಯುವಾಗ ನನ್ನನ್ನು ಅದರ ಬೆನ್ನ ಮೇಲೆ ಹತ್ತಿಸಿದ. ಹೆದರಿ ಎರಡೂ ಕೈಯಲ್ಲಿ ಕತ್ತಿನ ಕೂದಲು ಬಾಚಿ ಹಿಡಿದೆ. ಒರಟು, ಎಣ್ಣೆಎಣ್ಣೆ, ಬೆವರಿನ ಬಿಸಿ. ಹಿಡಿದ ಕೈಯಲ್ಲಿ ಸಂಜೆಯವರೆಗೂ ಆ ವಾಸನೆ. "ಅಯಾಲ ಜಗ್ಗಬ್ಯಾಡೋ ತಮ್ಮಾ, ಅದಕ್ಕ ನೋವಾಕ್ಕೈತಿ" ಎಂದ ಚಾಚಾ. ಅಯಾಲ! ಪಾರ್ಸಿಯಲ್ಲಿ 'ಯಾಲ್', ತುರ್ಕಿಯಲ್ಲಿ 'ಯೆಲೆ', ಉರ್ದುವಿನಲ್ಲಿ 'ಅಯಾಲ್', ಮರಾಠಿಯಲ್ಲಿ 'ಆಯಾಳ'. ಕುದುರೆ ಬಂದ ದಾರಿಯಲ್ಲೇ ಪದವೂ ಬಂದಿದೆ. ವಿಜಯನಗರದ ಅರಸರು ಅರಬ್ಬೀ ಕುದುರೆಗಳಿಗೆ ಹೊನ್ನು ಸುರಿದ ನೆಲ ಇದು. ಆ ಸೀಮೆಯ ಟಾಂಗಾದಲ್ಲೇ ಅದು ನನ್ನ ಕಿವಿಗೆ ಬಿದ್ದದ್ದು ನನಗೆ ಹೆಮ್ಮೆ.

ಕೇಸರವನ್ನು ಇನ್ನೊಂದಿಷ್ಟು ಹಿಂಬಾಲಿಸೋಣ, ಅದು ಅಡುಗೆಮನೆಗೂ ಹೋಗುತ್ತದೆ. ಹೂವಿನೊಳಗಿನ ನವಿರಾದ ಎಳೆಗಳೂ ಕೂದಲಂತೆ ಕಂಡದ್ದರಿಂದ ಅವೂ ಕೇಸರವಾದವು. ಶಾಲೆಯ ಜೀವಶಾಸ್ತ್ರದಲ್ಲಿ ಕೇಸರ ಎಂದರೆ ಹೂವಿನ ಗಂಡುಭಾಗ. ಕಾಶ್ಮೀರದ ಪಾಂಪೋರಿನಲ್ಲಿ ಬೆಳೆಯುವ ಕೇಸರಿ ಮಾತ್ರ ಹೆಣ್ಣುಭಾಗದ ತುದಿ, ಒಂದು ಹೂವಿಗೆ ಮೂರೇ ಕೆಂಪು ಎಳೆ. ಒಂದು ಕಿಲೋಗೆ ಸುಮಾರು 1.5 ಲಕ್ಷ ಹೂ ಬೇಕು. ಆ ಎಳೆಯಿಂದ ಬಣ್ಣಕ್ಕೆ ಹೆಸರು, ಬಣ್ಣದಿಂದ ಕೇಸರಿಬಾತಿಗೆ. ಬೆಳಿಗ್ಗೆ ಹೋಟೆಲಿನಲ್ಲಿ ಚೌಚೌ ಬಾತಿನ ತಟ್ಟೆಯ ಅರ್ಧ ಭಾಗದಲ್ಲಿ ನಡುಗುತ್ತಾ ಕೂರುವ ಆ ತುಪ್ಪದ ಗುಡ್ಡೆಯ ಹೆಸರಿನಲ್ಲಿ ಸಿಂಹದ ಕತ್ತಿನ ಕೂದಲಿದೆ. ಎಳೆ ಹುಡುಕಬೇಡಿ, ಬಹಳ ಕಡೆ ಅದು ಪುಡಿಯ ಬಣ್ಣ.

ವಾನರರ ಮಾತು ಬಂದದ್ದರಿಂದ ಒಂದು ಪಕ್ಕದ ಮಾತು. ನಮ್ಮ ಪಶ್ಚಿಮಘಟ್ಟದಲ್ಲಿ, ಶರಾವತಿ, ಅಘನಾಶಿನಿ ಕೊಳ್ಳಗಳಲ್ಲಿ ಸಿಂಗಳೀಕ ಇದೆ. ಕಪ್ಪು ಮೈ, ಮುಖದ ಸುತ್ತ ಬೆಳ್ಳಿ ಬಣ್ಣದ ಕೇಸರ. ನೋಡಿದ ಯಾರಿಗೂ ಮೊದಲು ಕಾಣುವುದು ಅದೇ. ಆದರೆ ಇಂಗ್ಲಿಷಿನವರು ಅದರ ಬಾಲದ ತುದಿಯ ಕುಚ್ಚು ನೋಡಿ 'ಸಿಂಹಬಾಲದ ಕೋತಿ' ಎಂದರು. ಜರ್ಮನ್ನರು 'ಗಡ್ಡದ ಕೋತಿ' ಎಂದರು. ಕೇಸರ ಅನ್ನಲು ಇಬ್ಬರಿಗೂ ಬಾಯಿ ಬರಲಿಲ್ಲ.

ಇನ್ನು ತಲೆಗೂದಲಿಗೆ ಬರುತ್ತೇನೆ. ಇಲ್ಲಿ ಜಾಗದ ಜೊತೆಗೆ ಮರ್ಯಾದೆಯ ಲೆಕ್ಕವೂ ಸೇರುತ್ತದೆ. ನಮ್ಮ 'ಕೂದಲು', ತಮಿಳಿನ 'ಕೂಂದಲ್', ತುಳುವಿನ 'ಕುಜಲ್' ಒಂದೇ ಮನೆಯವು. ತಮಿಳಿನಲ್ಲಿ ಕೂಂದಲ್ ಹೆಣ್ಣಿನ ತುಂಬುಗೂದಲಿಗೆ, ಕವಿತೆಗೆ, ಎಣ್ಣೆಯ ಜಾಹೀರಾತಿಗೆ ಮೀಸಲು. ನಮ್ಮಲ್ಲಿ ಪಾಪ ಸಾರಿನಲ್ಲಿ ಬಿದ್ದರೂ ಕೂದಲು. ತಿರುಪತಿಯ ಕಲ್ಯಾಣಕಟ್ಟೆಯಲ್ಲಿ ಕೊಟ್ಟರೆ ಮಾತ್ರ ಅದು 'ಮುಡಿ'. ಯಾರೂ ದೇವರಿಗೆ ಕೂದಲು ಕೊಡುವುದಿಲ್ಲ, ಸಾರಿನಲ್ಲಿ ಯಾರಿಗೂ ಮುಡಿ ಸಿಕ್ಕುವುದಿಲ್ಲ.

ತಮಿಳರ ಕಥೆ ಇದಕ್ಕಿಂತ ಕಷ್ಟದ್ದು. ಅವರ ಹಳೆಯ ಸಾಮಾನ್ಯ ಪದ 'ಮಯಿರ್'. ತಿರುಕ್ಕುರಳಿನ 969ನೇ ಕುರಳಿನಲ್ಲಿ ವಳ್ಳುವರ್ ಯಾವ ಮುಜುಗರವೂ ಇಲ್ಲದೆ ಅದನ್ನು ಬಳಸುತ್ತಾರೆ: ಮಯಿರು ಕಳೆದುಕೊಂಡರೆ ಬದುಕದ ಕವರಿ, ಅಂದರೆ ಚಮರೀ, ಮೃಗದಂಥವರು ಮಾನ ಹೋಗುವ ಸಂದರ್ಭ ಬಂದರೆ ಪ್ರಾಣ ಬಿಡುತ್ತಾರೆ. ಮಾನದ ಬಗ್ಗೆ ಹೇಳುವ ಕುರಳಿನಲ್ಲಿದ್ದ ಆ ಪದ ಇಂದು ಚೆನ್ನೈ ಬೀದಿಯಲ್ಲಿ ಬೈಗುಳ. ಕೇರಳದಲ್ಲೂ ಹಾಗೇ. ದಿನಬಳಕೆಗೆ ಮರ್ಯಾದಸ್ಥ ಪದ ಬೇಕಾಯಿತು, 'ಮುಡಿ' ಆ ಕೆಲಸಕ್ಕೆ ಬಂತು. ತಮಿಳುನಾಡಿನಲ್ಲಿ ಕಟಿಂಗ್ ಶಾಪಿನ ಬೋರ್ಡು 'ಮುಡಿ ತಿರುತ್ತುಂ ನಿಲೈಯಂ', ಅಕ್ಷರಶಃ ಮುಡಿ ತಿದ್ದುವ ನಿಲಯ. ನಮ್ಮವರು ಓದಿದರೆ ಅಲ್ಲಿ ಹೂ ಮುಡಿಸುತ್ತಾರೇನೋ ಅಂದುಕೊಂಡಾರು. ಕನ್ನಡದಲ್ಲೂ ಬೈಗುಳವಾಗಿರುವ ಕೂದಲು ಒಂದಿದೆ. ಹಿಂದಿನ ಸಾಲಿನ ಹುಡುಗರು ನಗುತ್ತಿದ್ದಾರೆ, ಅವರಿಗೆ ಗೊತ್ತು, ನನ್ನ ಬಾಯಲ್ಲಿ ಹೇಳಿಸಬೇಡಿ.

ಮುಡಿಯ ಬೇರಿನಲ್ಲಿರುವುದು ಕಟ್ಟುವುದು, ಗಂಟು ಹಾಕುವುದು. ಕರಾವಳಿಯಲ್ಲಿ ಹುಲ್ಲಿನ ಹಗ್ಗ ಸುತ್ತಿ ಕಟ್ಟಿದ ಅಕ್ಕಿಯೂ ಮುಡಿ. ತಮಿಳಿನಲ್ಲಿ ಕಿರೀಟವೂ ಮುಡಿ, ಮೇಲುಕೋಟೆಯ ವೈರಮುಡಿಯಲ್ಲಿರುವುದು ಅದೇ. ಒಂದೇ ಪದ ದೇವರ ತಲೆಯ ಮೇಲೆ ವಜ್ರವಾಗಿ, ಭಕ್ತನ ತಲೆಯಿಂದ ಇಳಿದು ಹರಕೆಯಾಗಿ, ಅಟ್ಟದ ಮೇಲೆ ಅಕ್ಕಿಯಾಗಿ ಕೂತಿದೆ.

ಪದಗಳು ಗಡಿ ದಾಟುವಾಗ ಉದ್ದ ಗಿಡ್ಡ ಆಗುವುದೂ ಉಂಟು. ತೆಲುಗಿನ 'ಜುಟ್ಟು' ಇಡೀ ತಲೆಗೂದಲು. ನಮ್ಮಲ್ಲಿ ಜುಟ್ಟೆಂದರೆ ಒಂದು ಹಿಡಿ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಮಲ್ಲಿಗೆ ಏರಿಸಿಕೊಳ್ಳುವಷ್ಟು. ಸಂಸ್ಕೃತದ 'ಜಟಾ' ತಪಸ್ವಿಯ ಗಂಟುಗಟ್ಟಿದ ಕೂದಲು. ಕನ್ನಡಕ್ಕೆ ಬಂದು 'ಜಡೆ'ಯಾಗಿ ಎಣ್ಣೆ ಹಚ್ಚಿ ಬಾಚಿಸಿಕೊಂಡು ಶಾಲೆಗೆ ಹೋಯಿತು. ಅಕ್ಕನಿಗೆ ಅಮ್ಮ ಜಡೆ ಹಾಕುವುದನ್ನು ನೋಡುತ್ತಾ ಕೂರುತ್ತಿದ್ದೆ: ಬಾಚಣಿಗೆಯ ಹಲ್ಲಿನಿಂದ ಬೈತಲೆ ತೆಗೆದು, ಮೂರು ಕಾಲು ಮಾಡಿ, ಗಿಡ್ಡ ಕೂದಲಿಗೆ ಚೌರಿ ಸೇರಿಸಿ, ತುದಿಗೆ ಕೆಂಪು ಟೇಪು. ಎಳೆದ ರಭಸಕ್ಕೆ ಅಕ್ಕನ ಹುಬ್ಬು ಮೇಲೇರುತ್ತಿತ್ತು. ಆ ಚೌರಿ ಎಂಬ ಪದ ಚಮರೀ ಮೃಗದ ಬಾಲದ ಚಾಮರದಿಂದ ಬಂದದ್ದು. ದೇವರಿಗೆ ಬೀಸುವ ಚಾಮರ, ಅಕ್ಕನ ಚೌರಿ: ಮತ್ತೆ ಬಾಲ, ಮತ್ತೆ ಕೂದಲು. ಅಜ್ಜಿ ನಾಗಪುರದಲ್ಲಿ ಸುಮ್ಮನೆ ಜಗಳ ಆಡಿದಳು.

'ವೇಣಿ' ಎಂದರೂ ಜಡೆ. ಮೂರು ಹೊಳೆ ಸೇರಿದರೆ ತ್ರಿವೇಣಿ. ಇದನ್ನು ಕೇಳಿ ಕೂಡಲಸಂಗಮದ ಕೂಡಲಿಗೂ ಕೂದಲಿಗೂ ಗಂಟು ಹಾಕಬೇಡಿ, ಅದು ಕೂಡುವ ಕೂಡಲು. ನಾನೇ ಒಮ್ಮೆ ಲೇಖನವೊಂದರಲ್ಲಿ 'ಕೂದಲಸಂಗಮ' ಎಂದು ಟೈಪ್ ಮಾಡಿ ಕಳಿಸಿ ಚೆನ್ನಾಗಿ ಉಗಿಸಿಕೊಂಡಿದ್ದೇನೆ.

ಕೇಶದ ಬಗ್ಗೆ ಒಂದೇ ಮಾತು. ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಹೆಸರಿನಲ್ಲಿ ಚೆಲುವಾದ ಕೂದಲಿದೆ. ಪಾಣಿನಿ ಇದಕ್ಕೆಂದೇ ಒಂದು ಸೂತ್ರ ಬರೆದ, ಕೇಶಕ್ಕೆ 'ವ' ಪ್ರತ್ಯಯ ಬೇಕಾದರೆ ಹಚ್ಚಬಹುದು ಎಂದು. ಇನ್ನೊಂದು ವಿವರಣೆಯಲ್ಲಿ ಕೇಶವ ಎಂದರೆ ಕೇಶಿಯನ್ನು ಕೊಂದವನು. ಆ ಕೇಶಿ ಯಾರು? ಕುದುರೆಯ ರೂಪದ ಅಸುರ. ಅವನ ಹೆಸರಿಗೂ ಕೂದಲುಳ್ಳವನು ಎಂದೇ ಅರ್ಥ. ಎಲ್ಲಿಂದ ಹೊರಟರೂ ಕುದುರೆಯ ಕತ್ತಿಗೇ ಬಂದು ನಿಲ್ಲುತ್ತೇವೆ.

ಆಕಾಶವನ್ನೂ ಬಿಟ್ಟಿಲ್ಲ. ಗ್ರೀಕರು ಬಾನಲ್ಲಿ ಹರಿದ ಬೆಳಕು ನೋಡಿ 'ಕೊಮೇಟೆಸ್', ಉದ್ದಗೂದಲ ಚುಕ್ಕಿ ಎಂದರು, ಕಾಮೆಟ್ ಅಲ್ಲಿಂದ ಬಂತು. ಚೀನೀಯರಿಗೆ ಅದು ಪೊರಕೆ ಚುಕ್ಕಿ. ನಮಗೆ ಬಾಲಚುಕ್ಕಿ. ಅದೇ ಚೀನಾದಲ್ಲಿ 1950ರ ದಶಕದಲ್ಲಿ ಲಿಪಿ ಸರಳ ಮಾಡುವಾಗ ತಲೆಗೂದಲಿನ ಅಕ್ಷರವನ್ನೂ ಏಳಿಗೆ ಎಂಬರ್ಥದ ಅಕ್ಷರವನ್ನೂ ಒಂದೇ ಮಾಡಿಬಿಟ್ಟರು. ಉಚ್ಚಾರದಲ್ಲಿ ರಾಗ ಮಾತ್ರ ಬೇರೆ. ಅರಬ್ಬಿಯಲ್ಲಿ ಸ್ವರಚಿಹ್ನೆ ಹಾಕದೆ ಬರೆದರೆ ಕೂದಲೂ ಕವಿತೆಯೂ ಒಂದೇ ರೂಪ: 'ಶಅರ್' ಕೂದಲು, 'ಶಿಅರ್' ಕವಿತೆ. ನಮ್ಮ ಶಾಯರಿ ಆ ಎರಡನೆಯದರ ಮನೆಯದು.

ಪ್ರಶ್ನೆಗಳ ಸಮಯದಲ್ಲಿ ಕಾಲೇಜಿನ ಹುಡುಗನೊಬ್ಬ ಎದ್ದು ನಿಂತ. "ಸರ್, ಬಕ್ಕತಲೆಗೆ ಯಾವ ಪಕ್ಷ?" ಸಭೆ ನಕ್ಕಿತು. ಅವನಿಗೆ ಹೇಳಿದ್ದು ಇದು. ಲ್ಯಾಟಿನ್ನಿನಲ್ಲಿ ತುಂಬುಗೂದಲಿಗೆ 'ಕೈಸರಿಯೆಸ್' ಎಂಬ ಪದವಿದೆ. ನಮ್ಮ ಕೇಸರಕ್ಕೂ ಅದಕ್ಕೂ ನಂಟು ಕಟ್ಟುವ ವಿದ್ವಾಂಸರಿದ್ದಾರೆ. ಲ್ಯಾಟಿನ್ನಿನಲ್ಲಿ ಎರಡು ಸ್ವರಗಳ ನಡುವಿನ 'ಸ' ಸಾಮಾನ್ಯವಾಗಿ 'ರ' ಆಗುತ್ತದೆ, ಇಲ್ಲಿ ಹೇಗೆ ಉಳಿಯಿತು ಎಂದು ತಕರಾರು ತೆಗೆಯುವವರೂ ಇದ್ದಾರೆ. ಅದು ಅವರ ಪಾಡಿಗಿರಲಿ. ಫೆಸ್ಟಸ್ ಎಂಬ ರೋಮನ್ ನಿಘಂಟುಕಾರ, ತಲೆತುಂಬ ಕೂದಲಿನೊಡನೆ ಹುಟ್ಟಿದ ಪೂರ್ವಜನಿಂದ ಆ ಮನೆತನಕ್ಕೆ ಸೀಸರ್ ಎಂದು ಹೆಸರಾಯಿತು ಎಂದ. ಆ ಮನೆತನದ ಜೂಲಿಯಸ್ ಸೀಸರನಿಗೆ ತಲೆ ಬೋಳಾಗುತ್ತಿತ್ತು. ನೆತ್ತಿಯ ನಾಲ್ಕು ಕೂದಲನ್ನು ಮುಂದಕ್ಕೆ ಬಾಚಿಕೊಳ್ಳುತ್ತಿದ್ದ. ಸೆನೆಟ್ ಕೊಟ್ಟ ಎಲ್ಲ ಗೌರವಗಳಲ್ಲಿ ಸದಾ ಲಾರೆಲ್ ಎಲೆಯ ಕಿರೀಟ ತೊಡುವ ಹಕ್ಕೇ ಅವನಿಗೆ ಬಹಳ ಇಷ್ಟವಾಗಿತ್ತು ಎಂದು ರೋಮಿನ ಚರಿತ್ರಕಾರ ಸ್ವೆಟೋನಿಯಸ್ ಬರೆಯುತ್ತಾನೆ. ಚಕ್ರವರ್ತಿಗಳನ್ನು ಕರೆಯುವ ಕೈಸರ್, ತ್ಸಾರ್ ಎಲ್ಲ ಅವನ ಹೆಸರೇ.

ಹುಡುಗ ಕೂತ. ಅಷ್ಟರಲ್ಲಿ ಸಂಘಟಕರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ತಲೆಗೊಂದು ಮೈಸೂರು ಪೇಟ ಇಟ್ಟರು. ಸಾಮಾನ್ಯವಾಗಿ ಫೋಟೋ ಆದ ಕೂಡಲೇ ಅದನ್ನು ತೆಗೆದು ಮೇಜಿನ ಮೇಲಿಡುತ್ತೇನೆ. ಅವತ್ತು ಬಸ್ ಸ್ಟ್ಯಾಂಡಿನವರೆಗೂ ತೆಗೆಯಲಿಲ್ಲ.